ಮೊದಲು ವಾರ್ಡು, ಆಮೇಲೆ ಉಪಕರಣ

ಪ್ರಶ್ನೆ: ಮಗ ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದಾನೆ. ಯುದ್ಧದಲ್ಲಿ ಗಾಯಗೊಂಡವರಿಗೆ ಹೊಸ ಉಪಕರಣ ರೂಪಿಸುವ ವಿಜ್ಞಾನಿಯಾಗಬೇಕೆನ್ನುತ್ತಾನೆ. ವೈದ್ಯಕೀಯ ಬಿಡಿಸಿ ಎಂಜಿನಿಯರಿಂಗ್‌ಗೆ ಸೇರಿಸಲೇ?
– ಒಬ್ಬ ತಂದೆ, ಸಿಂಧನೂರು

ಉತ್ತರ: ಸೇನಾ ವೈದ್ಯಕೀಯ ಸೇವೆಯಿಂದ ನಿವೃತ್ತನಾಗಿ ಬಳ್ಳಾರಿಗೆ ಮರಳಿದ ಮೇಲೆ ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ದಯವಿಟ್ಟು ಬಿಡಿಸಬೇಡಿ. ಯಂತ್ರ ಮಾಡಬಲ್ಲವರು ಬೇಕಾದಷ್ಟಿದ್ದಾರೆ. ಗಾಯಾಳು ಯಾವ ಕಾರಣಕ್ಕೆ ಕೈತಪ್ಪಿದನೆಂದು ಪಕ್ಕದಲ್ಲೇ ನಿಂತು ಕಂಡವರು ಕಡಿಮೆ. 2001ರಿಂದ 2011ರವರೆಗಿನ ಅಮೆರಿಕದ ಸೈನಿಕರ 4,596 ಸಾವುಗಳನ್ನು ಪರಿಶೀಲಿಸಿದಾಗ, ಆಸ್ಪತ್ರೆ ತಲುಪುವ ಮೊದಲೇ ಸತ್ತವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಉಳಿಯಬಹುದಿತ್ತೆಂದೂ, ಅಂಥವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯನ್ನು ಕೊಂದದ್ದು ರಕ್ತಸ್ರಾವವೆಂದೂ ತಿಳಿದುಬಂತು. ನನ್ನ ವೃತ್ತಿಯ ಬಹುಪಾಲು ರೋಬೊಗಳಲ್ಲಿ ಅಲ್ಲ, ರಕ್ತ ನಿಲ್ಲಿಸುವ ಪಟ್ಟಿಯಲ್ಲಿ ಕಳೆದದ್ದು ಇದಕ್ಕೇ.

ಹಿಂದೆ ಬಂದ ಜಿಯೊಲೈಟ್ ಎಂಬ ಖನಿಜದ ಪುಡಿ ರಕ್ತದ ನೀರನ್ನು ಹೀರಿ ಹೆಪ್ಪುಗಟ್ಟಿಸುತ್ತಿತ್ತು, ಆದರೆ ಹೀರುವಾಗ ಹುಟ್ಟುವ ಬಿಸಿ ಸುತ್ತಲಿನ ಮಾಂಸವನ್ನೂ ಸುಡುತ್ತಿತ್ತು. ಆಮೇಲೆ ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು ಲೇಪಿಸಿದ ಗಾಜ್ (ಗಾಯಕ್ಕೆ ಬಳಸುವ ತೆಳು ಬಟ್ಟೆ) ಬಂತು. ಅದನ್ನೂ ಗಾಯದ ಆಳಕ್ಕೆ ತುರುಕಿ ಮೂರು ನಿಮಿಷ ಒತ್ತಿ ಹಿಡಿಯಲೇಬೇಕು. ನಮ್ಮದೇ ಒಂದು ಪಟ್ಟಿ ಪ್ರಯೋಗಾಲಯದಲ್ಲಿ ಚೆನ್ನಾಗಿ ನಡೆಯಿತು. ಪರೀಕ್ಷೆಗಾಗಿ, ರಕ್ತ ಮೆತ್ತಿದಂತೆ ಜಾರಲೆಂದು ಕೈಗೆ ಗ್ಲಿಸರಿನ್ ಸವರಿಕೊಂಡು ಕತ್ತಲಲ್ಲಿ ಕುಳಿತ ನರ್ಸಿಂಗ್ ಸಹಾಯಕನಿಗೆ ಮಾತ್ರ ಪೊಟ್ಟಣ ಹರಿಯಲು ಬರದೆ, ಕೊನೆಗೆ ಹಲ್ಲಿಗೆ ಕೊಟ್ಟ. ಹರಿಯಲು ಸುಲಭವಾಗಲೆಂದು ಪೊಟ್ಟಣದ ಅಂಚಿನಲ್ಲಿ ಒಂದು ಕಚ್ಚು ಸೇರಿಸಲು ಏಳು ತಿಂಗಳು ಹಿಡಿಯಿತು.

ಕಟ್ಟಿದ ಹೆಪ್ಪು ಕರಗದಂತೆ ತಡೆದು ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ 1962ರಿಂದಲೂ ಇದ್ದ ಸಾಮಾನ್ಯ ಔಷಧ. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಅದು ಜೀವ ಉಳಿಸುತ್ತದೆ, ತಡವಾದರೆ ಕೆಡುಕು ಮಾಡಬಹುದು ಎಂಬುದು ಖಚಿತವಾಗಲು 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಪರೀಕ್ಷೆಯ ಫಲಿತಾಂಶ ಬರಬೇಕಾಯಿತು. ಅದು ಪ್ರಕಟವಾದದ್ದು 2010ರಲ್ಲಿ, ಮೂರು ಗಂಟೆಯ ಲೆಕ್ಕ 2011ರಲ್ಲಿ. ಇಷ್ಟು ತಾಳ್ಮೆ ಇಲ್ಲದವರಿಗೆ ಈ ಕೆಲಸ ಹಿಡಿಸದು.

ಆದ್ದರಿಂದ ಹುಡುಗ ಹೌಸ್ ಸರ್ಜನ್ಸಿ ಮುಗಿಸಲಿ, ಅದಿರಿನ ಲಾರಿಗಳ ಅಪಘಾತ ಬರುವ ನಮ್ಮೂರ ಕ್ಯಾಷುಯಲ್ಟಿಯಲ್ಲಿ ರಾತ್ರಿ ಪಾಳಿ ಮಾಡಲಿ, ಸರ್ಜರಿ ಅಥವಾ ಅರಿವಳಿಕೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಲಿ, ಸಂಖ್ಯಾಶಾಸ್ತ್ರ ಕಲಿಯಲಿ. ಸೇನೆಗೆ ಸೇರಲು ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಸೀಮಿತ ಅವಧಿಗೆ ಅಧಿಕಾರಿಯಾಗುವ ದಾರಿ, ಇದೆ. ಬೆಂಗಳೂರಿನ ರಕ್ಷಣಾ ಪ್ರಯೋಗಾಲಯಗಳ ಎಂಜಿನಿಯರುಗಳ ಜೊತೆ ಕೂರುವ ಹೊತ್ತಿಗೆ ಅವನ ಬಳಿ ಕೇಳಲು ಸ್ವಂತ ಪ್ರಶ್ನೆ ಇರಬೇಕು.

ಪ್ರಶ್ನೆ: ಹೊಲದಲ್ಲಿ ಗಾಯವಾದರೆ ಕಾಫಿಪುಡಿ ಒತ್ತಬಹುದೇ? – ಕಾರಟಗಿ

ಉತ್ತರ: ಬೇಡ. ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆಮಾಡಿ. ಪುಡಿ ಡಬ್ಬಿಯಲ್ಲೇ ಇರಲಿ.

ಪ್ರಶ್ನೆ: ಸೈನಿಕರು ಕಟ್ಟುವ ಬಿಗಿಪಟ್ಟಿಯನ್ನು ಹಾವು ಕಚ್ಚಿದಾಗ ಕಟ್ಟಬಹುದೇ? – ಮಾನ್ವಿ

ಉತ್ತರ: ಆ ಪಟ್ಟಿ ಇರುವುದು ಕೈಕಾಲುಗಳ ತೀವ್ರ ರಕ್ತಸ್ರಾವಕ್ಕೆ, ವಿಷಕ್ಕಲ್ಲ. ಹಗ್ಗವನ್ನೂ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ಮಂತ್ರ ಹಾಕುವವರ ಕಟ್ಟೆಯ ಮುಂದೆ ನಿಲ್ಲದೆ, ಪ್ರತಿವಿಷವಿರುವ ಆಸ್ಪತ್ರೆಗೆ ನೇರ ಹೊರಡಿ.