ಟರ್ಬೊದಿಂದ ಇಳಿಯುವ ಆಯಿಲ್‌ಗೆ ದಾರಿ

ಪ್ರಶ್ನೆ: ಹಳೆಯ ಪೆಟ್ರೋಲ್ ಕಾರಿಗೆ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ನೂಕುವ ಯಂತ್ರ) ಕೂರಿಸಿದ್ದೇನೆ. ಆಯಿಲ್ ವಾಪಸ್ ಬರುವ ಪೈಪನ್ನು ಚೇಂಬರಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ತಳಭಾಗಕ್ಕೆ ಜೋಡಿಸಿದ್ದಾರೆ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಓಡುವಾಗ) ನೀಲಿ ಹೊಗೆ ಬರುತ್ತದೆ. ಟರ್ಬೊ ಸೀಲ್ ಹೋಗಿದೆಯೇ?

ಉತ್ತರ: ಟರ್ಬೊ ಬಿಚ್ಚುವ ಮೊದಲು ಪೈಪ್ ನೋಡಿ. ಒಳಗೆ ಹೋಗುವ ಆಯಿಲ್‌ಗೆ ಪಂಪಿನ ಒತ್ತಡವಿದೆ. ಹೊರಬರುವುದು ನೊರೆಯಾಗಿ, ಬರೀ ತೂಕದಿಂದ ಇಳಿಯಬೇಕು. ಪೈಪ್ ಚೇಂಬರಿಗೆ ಸೇರುವ ಬಾಯಿ ಆಯಿಲ್ ಮಟ್ಟದ ಕೆಳಗಿದ್ದರೆ ನೊರೆ ಹಿಂದಕ್ಕೆ ನಿಂತು, ಸೀಲ್ ಚೆನ್ನಾಗಿದ್ದರೂ ಸೈಲೆನ್ಸರ್ ಕಡೆಗೆ ಸೋರುತ್ತದೆ.

ಚೇಂಬರ್ ಇಳಿಸಿ, ಡಿಪ್‌ಸ್ಟಿಕ್‌ನ ಗರಿಷ್ಠ ಗುರುತಿಗಿಂತ ಮೇಲೆ ಹೊಸ ತೂತು ಕೊರೆದು ಬಂಗ್ (ಪೈಪ್ ಜೋಡಿಸುವ ಲೋಹದ ಬಳೆ) ವೆಲ್ಡ್ ಮಾಡಿಸಿ, ಹಳೆಯದನ್ನು ಮುಚ್ಚಿಸಿ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಚುವ ಆಯಿಲ್ ನೇರ ಬಡಿಯುವ ಜಾಗ ಬೇಡ. ಇಳಿಸದೆಯೇ ಕೊರೆದರೆ ಲೋಹದ ಚೂರು ಬೇರಿಂಗ್ ತಿನ್ನುತ್ತದೆ, ಆ ಉಳಿತಾಯ ಖಂಡಿತ ಬೇಡ. ಪೈಪಿನ ಒಳವ್ಯಾಸ ಕನಿಷ್ಠ 12 ಮಿ.ಮೀ., 16 ಸಿಕ್ಕರೆ ಒಳ್ಳೆಯದು. ಎಲ್ಲೂ ತಗ್ಗಾಗಿ ಮತ್ತೆ ಏರಬಾರದು. ಬಿಸಿ ಆಯಿಲ್ ತಡೆಯುವ ಹೋಸ್ ಬಳಸಿ. ರೇಡಿಯೇಟರ್ ಹೋಸ್ ಉಬ್ಬಿ ಮೆತ್ತಗಾಗುತ್ತದೆ. ಫ್ಲ್ಯಾಂಜಿಗೆ (ಪೈಪನ್ನು ಬೋಲ್ಟ್ ಮಾಡುವ ಚಪ್ಪಟೆ ಅಂಚಿಗೆ) ಗ್ಯಾಸ್ಕೆಟ್ ಸಾಕು, ಸಿಲಿಕಾನ್ ಅಂಟು ಒಳಗೆ ಉಕ್ಕಿ ದಾರಿ ಕಟ್ಟುತ್ತದೆ.

ಇಷ್ಟಾದರೂ ಹೊಗೆ ನಿಲ್ಲದಿದ್ದರೆ ಎಂಜಿನ್ ಒಳಗಿನ ಅನಿಲವನ್ನು ಹೊರಬಿಡುವ ಪಿಸಿವಿ ವಾಲ್ವ್, ಬ್ರೀದರ್ ಪೈಪ್ ಕಟ್ಟಿಕೊಂಡಿವೆಯೇ ನೋಡಿ. ಕ್ರ್ಯಾಂಕ್‌ಕೇಸ್‌ನಲ್ಲಿ (ಕ್ರ್ಯಾಂಕ್ ಇರುವ ಎಂಜಿನ್ ಕೆಳಭಾಗದಲ್ಲಿ) ಒತ್ತಡ ತುಂಬಿದ್ದರೂ ಆಯಿಲ್ ಇಳಿಯದು. ಟರ್ಬೊದ ಶಾಫ್ಟ್ (ಒಳಗೆ ತಿರುಗುವ ದಂಡ) ಅಲುಗಾಟ ಪರೀಕ್ಷಿಸುವುದು ಆಮೇಲೆ.