ಮನೆ ಚಟ್ನಿಪುಡಿ ಮಾರುವ ವೆಬ್‌ಸೈಟ್‌ಗೆ ‘ಈಗ 30 ಜನ ನೋಡುತ್ತಿದ್ದಾರೆ’ ಪಾಪ್‌ಅಪ್ ಹಾಕಿದರೆ ಆರ್ಡರ್ ಜಾಸ್ತಿ ಆಗುತ್ತಾ? ಜನ ಬಂದು ಬೆಲೆ ನೋಡಿ ಕೊಳ್ಳದೆ ಹೋಗುತ್ತಿದ್ದಾರೆ. ಯಾವ ಪ್ಲಗಿನ್ (ಸೈಟ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಒಳ್ಳೇದು?

ಯಾವುದೂ ಬೇಡ. ನಾನು ಹಾಕಿ ನೋಡಿದ್ದೇನೆ.

ನಮ್ಮದು ಶಿರಸಿ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿ. ನಿಮ್ಮಲ್ಲಿ ಆಗುತ್ತಿರುವ ಹಾಗೇ ಜನ ಬರುತ್ತಿದ್ದರು, ಬೆಲೆ ನೋಡುತ್ತಿದ್ದರು, ಕಾರ್ಟ್‌ವರೆಗೂ ಬಂದು ಹೊರಟು ಹೋಗುತ್ತಿದ್ದರು. ಸೈಟ್ ಮಾಡಿಕೊಟ್ಟ ಹುಡುಗ ಒಂದು ಪ್ಲಗಿನ್ ತೋರಿಸಿದ. ‘ಮೈಸೂರಿನ ಒಬ್ಬರು 4 ನಿಮಿಷದ ಹಿಂದೆ ಜೀರಿಗೆ ಮಿಡಿ ಕೊಂಡರು’ ಅಂತ ಪುಟದ ಕೆಳಗೆ ಒಂದು ಚೀಟಿ ಏಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎರಡು ಆಯ್ಕೆ ಇತ್ತು. ನಿಜವಾದ ಆರ್ಡರ್ ತೋರಿಸೋದು ಒಂದು, ಪ್ಲಗಿನ್ ತಾನೇ ಹುಟ್ಟಿಸಿ ತೋರಿಸೋದು ಇನ್ನೊಂದು. ನಿಜವಾದದ್ದನ್ನು ಹಾಕಿದರೆ ‘ನಿನ್ನೆ ಮಧ್ಯಾಹ್ನ’ ಅಂತ ಬರುತ್ತಿತ್ತು. ಅದು ಚೆನ್ನಾಗಿ ಕಾಣಲ್ಲ ಅನ್ನಿಸಿ ಎರಡನೆಯದನ್ನು ಒತ್ತಿದೆ.

ಅಲ್ಲಿಂದ ಏನೇನಾಯಿತು ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದ್ರೆ ನೀವೂ ಅದೇ ಬಟನ್ ಮುಂದೆ ನಿಂತಿದ್ದೀರಿ. ಅಪ್ಪೆಮಿಡಿ ಕೊಯ್ಲು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಅದರಲ್ಲೂ ಜೀರಿಗೆ ಮಿಡಿ ಸಿಗೋದೇ ಕಮ್ಮಿ. ಮಳೆಗಾಲ ಮುಗಿಯೋ ಹೊತ್ತಿಗೆ ನಮ್ಮ ಭರಣಿ ಖಾಲಿಯಾಗಿತ್ತು, ಪುಟದಲ್ಲಿ ‘ಸ್ಟಾಕ್ ಇಲ್ಲ’ ಅಂತ ನಾನೇ ಹಾಕಿದ್ದೆ. ಪ್ಲಗಿನ್‌ಗೆ ಅದೆಲ್ಲ ಏನು ಗೊತ್ತು? ಇಲ್ಲದ ಉಪ್ಪಿನಕಾಯಿಯನ್ನು ಅದು ಹಗಲೂ ರಾತ್ರಿ ಮಾರುತ್ತಲೇ ಇತ್ತು. ಒಂದು ದಿನ ಜಯನಗರದ ಹಳೇ ಗ್ರಾಹಕರೊಬ್ಬರು ಫೋನ್ ಮಾಡಿದರು. “ನನಗೆ ಖಾಲಿ ಅಂದ್ರಿ. ಹುಬ್ಬಳ್ಳಿಯವರಿಗೆ ಈಗಷ್ಟೇ ಕೊಟ್ಟಿದ್ದೀರಲ್ಲ?” ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಹಾಗಾದ್ರೆ ಪ್ರಿಸರ್ವೇಟಿವ್ ಹಾಕಲ್ಲ ಅಂತ ಬರೆದಿದ್ದೀರಲ್ಲ, ಅದು?” ಅಂತ ಕೇಳಿದರು.

ಪ್ರಿಸರ್ವೇಟಿವ್ ಹಾಕಲ್ಲ ಅನ್ನೋದು ಪೂರ್ತಿ ನಿಜ. ಆದರೆ ಅದನ್ನು ನಂಬಿಸೋಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಪ್ರತಿ ಬೇಸಿಗೆಗೆ ಇಡೀ ಅಪಾರ್ಟ್‌ಮೆಂಟಿನ ಆರ್ಡರ್ ಒಟ್ಟು ಮಾಡಿ ಕಳಿಸುತ್ತಿದ್ದವರು ಅವರೇ. ಮುಂದಿನ ಬೇಸಿಗೆಯಲ್ಲಿ ಅಲ್ಲಿಂದ ಒಂದು ಬಾಟಲಿಗೂ ಆರ್ಡರ್ ಬರಲಿಲ್ಲ. ಆಮೇಲೆ ಮೊಬೈಲ್‌ನಲ್ಲಿ ಪುಟ ತೆಗೆದು ನೋಡಿದರೆ ಇನ್ನೊಂದು ವಿಷಯ ಕಂಡಿತು. ಆ ಚೀಟಿ ಸರಿಯಾಗಿ ‘ಕಾರ್ಟ್‌ಗೆ ಹಾಕಿ’ ಬಟನ್ ಮೇಲೇ ಬಂದು ಕೂರುತ್ತಿತ್ತು.

ಈಗ ಕಾನೂನೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿರುವ 13 ಬಗೆಗಳಲ್ಲಿ ಮೊದಲನೆಯದೇ ಸುಳ್ಳು ಅವಸರ. ಎರಡೇ ರೂಮ್ ಉಳಿದಿವೆ, ಇನ್ನೂ 30 ಜನ ಈಗ ನೋಡುತ್ತಿದ್ದಾರೆ ಅನ್ನೋದನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ನೀವು ಕೇಳಿರೋದು ಹೆಚ್ಚುಕಮ್ಮಿ ಅದೇ ವಾಕ್ಯ. ಮಾರುವವರೇ ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯೋದನ್ನೂ 2020ರ ಇ-ಕಾಮರ್ಸ್ ನಿಯಮಗಳು ಒಪ್ಪಲ್ಲ. ಮನೆಯವರ ಕೈಲಿ ಐದು ಸ್ಟಾರ್ ಹಾಕಿಸೋ ಯೋಚನೆ ಇದ್ದರೆ ಅದನ್ನೂ ಬಿಡಿ.

ಹಾಗಂತ ಜನಪ್ರಿಯತೆ ತೋರಿಸೋದೇ ತಪ್ಪು ಅಂತಲ್ಲ. ಬೀಜಿಂಗ್‌ನ ಹೋಟೆಲ್‌ಗಳಲ್ಲಿ ಮಾಡಿದ ಒಂದು ಪ್ರಯೋಗ 2009ರಲ್ಲಿ ಪ್ರಕಟವಾಗಿತ್ತು. ಹೆಚ್ಚು ಮಾರಾಟವಾಗುವ 5 ತಿನಿಸುಗಳ ಪಟ್ಟಿಯನ್ನು ಟೇಬಲ್ ಮೇಲೆ ಇಟ್ಟರು. ಅವುಗಳ ಬೇಡಿಕೆ ಶೇ 13ರಿಂದ 20ರಷ್ಟು ಏರಿತು. ಜನಪ್ರಿಯ ಅಂತ ಹೇಳದೆ ಸುಮ್ನೆ 5 ಹೆಸರು ಬರೆದಿಟ್ಟ ಟೇಬಲ್‌ಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಅಲ್ಲಿ ಪಟ್ಟಿ ಬಂದದ್ದು ನಿಜವಾದ ಮಾರಾಟದಿಂದ, ಗಮನಿಸಿ. ನಾನೂ ಈಗ ಆರ್ಡರ್ ಲೆಕ್ಕ ನೋಡಿ ಒಂದೇ ಬಾಟಲಿಗೆ ‘ನಮ್ಮಲ್ಲಿ ಹೆಚ್ಚು ಹೋಗೋದು ಇದು’ ಅಂತ ಹಾಕಿದ್ದೇನೆ. ಮೊದಲ ಸಲ ಬಂದವರು ಹೆಚ್ಚಾಗಿ ಅದನ್ನೇ ಆರಿಸುತ್ತಾರೆ. ‘7 ಜನ ಕೊಂಡಿದ್ದಾರೆ’ ಅಂತ ಸಣ್ಣ ಸಂಖ್ಯೆ ಮಾತ್ರ ಹಾಕಬೇಡಿ. ನಿಜವೇ ಆದರೂ ಅದು ‘ಬೇರೆ ಯಾರೂ ಕೊಳ್ಳುತ್ತಿಲ್ಲ’ ಅಂತಲೇ ಓದಿಸಿಕೊಳ್ಳುತ್ತದೆ.

ನನ್ನ ಪ್ರಕಾರ ನಿಮ್ಮ ತೊಂದರೆ ಪಾಪ್‌ಅಪ್ ಇಲ್ಲದಿರೋದಲ್ಲ. ಗುರುತಿಲ್ಲದವರ ಅಡುಗೆಮನೆಯಿಂದ ಬರೋ ಪುಡಿಗೆ ಜನ ಮೊದಲೇ ದುಡ್ಡು ಕೊಡಬೇಕು. ಅವರ ತಲೆಯಲ್ಲಿ ಓಡೋದು ಬೇರೆಯೇ ಪ್ರಶ್ನೆಗಳು. ಎಫ್‌ಎಸ್‌ಎಸ್‌ಎಐನ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನಂಬರ್ ನಿಮ್ಮ ಸೈಟ್‌ನಲ್ಲಿ ಎಲ್ಲಿದೆ? ನಮ್ಮದು ಪುಟದ ತೀರಾ ಕೆಳಗೆ ಬೂದು ಬಣ್ಣದಲ್ಲಿತ್ತು. ಅದನ್ನು ಬೆಲೆಯ ಕೆಳಗೆ ತಂದೆ. ಪಕ್ಕದಲ್ಲಿ ಫೋನ್ ನಂಬರ್, ಊರಿನ ಪೂರ್ತಿ ವಿಳಾಸ, ತಯಾರಿಸಿದ ತಾರೀಖು ಕಾಣೋ ಹಾಗೆ ಲೇಬಲ್ಲಿನ ಫೋಟೋ ಹಾಕಿದೆ. ‘100% ನಂಬಿಕಸ್ಥ’ ಅನ್ನೋ ಚಿನ್ನದ ಬಣ್ಣದ ಮುದ್ರೆಗಳನ್ನೆಲ್ಲ ತೆಗೆದೆ. ನಂಬರನ್ನು ಯಾರು ಬೇಕಾದರೂ ಸರ್ಕಾರದ ಸೈಟ್‌ನಲ್ಲಿ ಹಾಕಿ ನೋಡಬಹುದು, ಆ ಮುದ್ರೆಯನ್ನು ಎಲ್ಲಿ ಪರೀಕ್ಷಿಸೋದು?

ಆರ್ಡರ್ ಜಾಸ್ತಿಯಾಗಿದ್ದು ಮಾತ್ರ ರಿವ್ಯೂಗಳ ಜಾಗ ಬದಲಾಯಿಸಿದ ಮೇಲೆ. ಮೊದಲು ಎಲ್ಲವೂ ಬೇರೆ ಪುಟದಲ್ಲಿದ್ದವು, ಅಲ್ಲಿಗೆ ಯಾರು ಹೋಗುತ್ತಾರೆ? ಈಗ ‘ಎಣ್ಣೆ ಹಾಕಿಲ್ಲ’ ಅಂತ ಬರೆದ ಸಾಲಿನ ಕೆಳಗೇ ಒಬ್ಬರ ಮಾತಿದೆ: ಎಣ್ಣೆ ಇಲ್ಲದೆ ಕೆಡುತ್ತೇನೋ ಅಂದುಕೊಂಡಿದ್ದೆ, ಮಿಡಿ ಇನ್ನೂ ಗಟ್ಟಿಯಾಗಿದೆ. ಕೊರಿಯರ್ ಖರ್ಚಿನ ಪಕ್ಕ ಬಾಟಲಿ ಸೋರದೆ ಬಂತು ಅಂದವರ ಮಾತು, ಅವರು ಕಳಿಸಿದ ಫೋಟೋ. ‘ಉಪ್ಪು ಜಾಸ್ತಿ’ ಅಂತ ಮೂರು ಸ್ಟಾರ್ ಕೊಟ್ಟದ್ದೂ ಹಾಗೇ ಇದೆ. ಅದರ ಕೆಳಗೆ ಉಪ್ಪು ಯಾಕೆ ಅಷ್ಟು ಬೇಕು ಅಂತ ನಾನು ಉತ್ತರ ಬರೆದಿದ್ದೇನೆ. ಅದನ್ನು ಓದಿಯೇ ಕೊಂಡೆವು ಅಂದವರಿದ್ದಾರೆ.

ನೀವೂ ಪಾರ್ಸೆಲ್ ತಲುಪಿದ ದಿನವೇ ರಿವ್ಯೂ ಕೇಳಬೇಡಿ. ಪುಡಿಯನ್ನು ಒಂದೆರಡು ವಾರ ತಿನ್ನಲಿ. ಆಮೇಲೆ ವಾಟ್ಸಾಪ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ‘ಕೊಳ್ಳೋ ಮುಂಚೆ ನಿಮಗೆ ಏನು ಅನುಮಾನ ಇತ್ತು?’ ಖಾರದ್ದೋ, ಎಷ್ಟು ದಿನ ಇಡಬಹುದು ಅನ್ನೋದೋ, ಏನಾದರೊಂದು ಬಂದೇ ಬರುತ್ತದೆ. ಅವರನ್ನು ಕೇಳಿ, ಒಪ್ಪಿದರೆ ಆ ಮಾತನ್ನು ತಿದ್ದದೆ ಬೆಲೆಯ ಪಕ್ಕದಲ್ಲಿ ಹಾಕಿ.