ತಕ್ಕಡಿ ಪಕ್ಕ ಎರಡು ವಾರ ನಿಲ್ಲಿ

ಪ್ರಶ್ನೆ: ನಮ್ಮದು ಆರು ಅಂಗಡಿಗಳ ಸೂಪರ್‌ಮಾರ್ಕೆಟ್ ಕಂಪನಿ. ಹೊಸ ತಂತ್ರಜ್ಞಾನ ತರುವ ಜವಾಬ್ದಾರಿ ಈಗ ನನ್ನದು. ಮಾಲೀಕರಿಗೆ ಬಿಲ್ಲಿಂಗ್ ಕೌಂಟರೇ ಇಲ್ಲದ, ಕ್ಯಾಮೆರಾ ಲೆಕ್ಕ ಹಾಕುವ ಅಂಗಡಿ ಬೇಕಂತೆ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಮಾಲೀಕರ ಆಸೆ ತಪ್ಪಲ್ಲ. ಆದರೆ ಅಂಥಾ ಅಮೆಜಾನೇ ಇದರಲ್ಲಿ ಹಿಂದೆ ಸರಿದಿದೆ ಅಂತ ಅವರಿಗೆ ಹೇಳಿ. 2018ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಇಂಥದ್ದೊಂದು ಅಂಗಡಿ ತೆರೆದರು. ಸಾಮಾನು ಎತ್ತಿಕೊಂಡು ಸುಮ್ನೆ ಹೊರಗೆ ನಡೆದರಾಯಿತು, ಬಿಲ್ ಮೊಬೈಲಿಗೆ ಬರುತ್ತಿತ್ತು. 2024ರಲ್ಲಿ ಅಮೆರಿಕದ ತಮ್ಮ ‘ಅಮೆಜಾನ್ ಫ್ರೆಶ್’ ಅನ್ನುವ ದಿನಸಿ ಅಂಗಡಿಗಳಿಂದ ಇದನ್ನು ತೆಗೆಯುವುದಾಗಿ ಹೇಳಿದರು. ಅದರ ಜಾಗಕ್ಕೆ ಬಂದದ್ದು ತಾನೇ ಲೆಕ್ಕ ಹಾಕುವ ತಳ್ಳುಗಾಡಿ. ಎಷ್ಟಾಯಿತು, ಎಷ್ಟು ಉಳಿಯಿತು ಅಂತ ಜನರಿಗೆ ಕೊಳ್ಳುವಾಗಲೇ ನೋಡಬೇಕಿತ್ತು. ತಿಂಗಳ ಸಾಮಾನು ತರುವ ನಾವೂ ಹಾಗೇ ಅಲ್ವಾ?

ಅಮೆರಿಕದ ಇನ್ನೊಂದು ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ಕೂಡ, ಶೆಲ್ಫ್‌ನಲ್ಲಿ ಯಾವ ಸಾಮಾನು ಖಾಲಿಯಾಗಿದೆ ಅಂತ ನೋಡುವ ರೋಬೋಟ್‌ಗಳನ್ನು ಸುಮಾರು 500 ಅಂಗಡಿಗಳಲ್ಲಿ ಓಡಾಡಿಸಿ, 2020ರಲ್ಲಿ ಕೈಬಿಟ್ಟಿತು. ಬೇಡ ಅನಿಸಿದಾಗ ನಿಲ್ಲಿಸುವುದೂ ನಿಮ್ಮ ಕೆಲಸವೇ.

ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಇದೇ ಹುದ್ದೆಯಲ್ಲಿದ್ದೆ. ತರಕಾರಿ ಗುರುತಿಸುವ ಕ್ಯಾಮೆರಾ ತಕ್ಕಡಿ ತಂದೆವು. ಆಫೀಸಿನಲ್ಲಿ ಚೆನ್ನಾಗಿಯೇ ನಡೆಯಿತು. ಅಂಗಡಿಯಲ್ಲಿ ಕವರ್ ಮೇಲೆ ಟ್ಯೂಬ್‌ಲೈಟ್ ಹೊಳೆದರೆ ಸಾಕು, ಹೀರೆಕಾಯಿ ಪಡವಲಕಾಯಿ ಎರಡೂ ಅದಕ್ಕೆ ಒಂದೇ. ಭಾನುವಾರ ಸಂಜೆ ಹೋಗಿ ನಿಂತೆ. ತೂಕ ಹಾಕುವ ಅಕ್ಕ ಪರದೆ ಕಡೆ ನೋಡುತ್ತಲೇ ಇರಲಿಲ್ಲ. ಒಂದು ಕೈಯಲ್ಲಿ ಕವರ್ ಗಂಟು, ಇನ್ನೊಂದು ಕೈ ಕೋಡ್ ಒತ್ತುತ್ತಿತ್ತು. ಅಷ್ಟೂ ಕೋಡ್ ಅವರಿಗೆ ಬಾಯಿಪಾಠ. “ನಿಮಗೆ ನಿಜವಾಗಿ ಏನು ಕಷ್ಟ?” ಅಂದೆ. “ಸ್ಟಿಕರ್ ರೋಲ್ ಮುಗಿದರೆ ಮಹಡಿಗೆ ಓಡಬೇಕು ಸರ್. ಅಷ್ಟರಲ್ಲಿ ಸಾಲು ಬಾಗಿಲವರೆಗೂ ಬೆಳೆದಿರುತ್ತೆ,” ಅಂದರು. ಆರು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಇವತ್ತಿಗೂ ಅದು ನನಗೆ ಬೇಸರ.

ಬಾರ್‌ಕೋಡ್ ನೋಡಿ. 1974ರ ಜೂನ್ 26ರಂದು ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಊರಿನಲ್ಲಿ ಮೊದಲು ಸ್ಕ್ಯಾನ್ ಆದದ್ದು ಒಂದು ಚೂಯಿಂಗ್ ಗಮ್ ಪ್ಯಾಕ್. ಒಂದೊಂದೇ ಸಾಮಾನಿನ ಬೆಲೆ ಒತ್ತುವ ಕಷ್ಟವನ್ನು ಅದು ಕೌಂಟರಿನವರ ಕೈಯಿಂದ ಇಳಿಸಿತು. ಅದಕ್ಕೇ ಅದು ಇವತ್ತಿಗೂ ಉಳಿದಿದೆ.

ಹಾಗಾಗಿ ಎರಡು ವಾರ ತಕ್ಕಡಿ ಪಕ್ಕ, ಕೌಂಟರ್ ಪಕ್ಕ ನಿಲ್ಲಿ. ಜಾಸ್ತಿ ಕಾಡುವ ಒಂದೇ ತೊಂದರೆ ಆರಿಸಿ. ಒಂದೇ ಅಂಗಡಿ, ಮೂರು ತಿಂಗಳು. ಸಾಲು ಎಷ್ಟು ಕಮ್ಮಿಯಾದರೆ ಮುಂದುವರಿಸುವುದು, ಆಗದಿದ್ದರೆ ಯಾವಾಗ ನಿಲ್ಲಿಸುವುದು ಅಂತ ಮೊದಲೇ ಬರೆದು ಮಾಲೀಕರ ಸಹಿ ಹಾಕಿಸಿ. ಆ ಚೀಟಿ ಬರೆಯುವಾಗ ಕೌಂಟರಿನವರೊಬ್ಬರನ್ನೂ ಜೊತೆಗೆ ಕೂರಿಸಿಕೊಳ್ಳಿ.